ಆಟ ಚಾಲೂ

ರಮಾಕಾಂತ ಗದಗಿನವನು. ವಿಜಯವಾಡದ ಪಟಮಟದ ಬ್ಯಾಂಕಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಚೆಸ್ಸಿನಲ್ಲಿ ಅವನಿಗೆ ಗೊತ್ತಿದ್ದುದು ಒಂದೇ ಆರಂಭ: ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವುದು, ಮರುನಡೆಯಲ್ಲೇ ಪಕ್ಕದ ಕಾಲಾಳನ್ನು ಪುಕ್ಕಟೆ ಒಪ್ಪಿಸುವುದು. ಕಿಂಗ್ಸ್ ಗ್ಯಾಂಬಿಟ್ ಎನ್ನುತ್ತಾರೆ. ಗೆದ್ದರೆ ಇಪ್ಪತ್ತೈದು ನಡೆಯಲ್ಲಿ ಗೆಲ್ಲುತ್ತಿದ್ದ, ಸೋತರೆ ಇನ್ನೂ ಬೇಗ.

"ಡ್ರಾ ಆಡೂದಕ್ಕ ಭಾನುವಾರ ಯಾಕ ಹಾಳ ಮಾಡ್ಕೋಬೇಕು?" ಎನ್ನುತ್ತಿದ್ದ.

ಎಂಬತ್ತೆಂಟರಲ್ಲಿ ವಿಜಯವಾಡದಲ್ಲಿ ನಡೆದ ವಲಯಮಟ್ಟದ ಟೂರ್ನಮೆಂಟಿನ ಕೊನೆಯ ಸುತ್ತು. ಮೊದಲ ನಾಲ್ವರು ರಾಜ್ಯಮಟ್ಟಕ್ಕೆ. ಹದಿನಾಲ್ಕು ವರ್ಷದಿಂದ ಅದೊಂದಕ್ಕೇ ಬಾಯಿ ಬಿಡುತ್ತಿದ್ದ ರಮಾಕಾಂತ ಈ ಆಟ ಗೆಲ್ಲಲೇಬೇಕಿತ್ತು. ಎದುರಾಳಿ ವಿಶಾಖಪಟ್ಟಣದ ಜಗನ್ಮೋಹನ್, ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದವನು.

ಇಪ್ಪತ್ತೆರಡನೆಯ ನಡೆಗೆ ಜಗನ್ಮೋಹನನ ರಾಜ ನಡುಬೀದಿಗೆ ಬಿದ್ದಿದ್ದ. ಅವನು ಬೆವರು ಒರೆಸಿಕೊಂಡು "ಡ್ರಾ?" ಎಂದ. ರಮಾಕಾಂತ ಬೋರ್ಡಿನಿಂದ ಕಣ್ಣು ಕೀಳದೆ, "ಆಟ ಚಾಲೂ," ಎಂದ.

ಗದಗಿನಲ್ಲಿ ಅದಕ್ಕೆ ಆಟ ನಡೆಯಲಿ ಎಂದರ್ಥ. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಜಗನ್ಮೋಹನ್ ಗಡಿಯಾರ ನಿಲ್ಲಿಸಿ ಕೈ ಚಾಚಿದ.

ತೀರ್ಪುಗಾರರಿಗೆ ಹೇಳಬಹುದಿತ್ತು. ಆದರೆ ಒಂಬತ್ತು ವರ್ಷದಿಂದ ತನ್ನ ತೆಲುಗಿನ ಬಗ್ಗೆ ಜಂಬ ಕೊಚ್ಚಿಕೊಂಡವನಿಗೆ ಅಷ್ಟು ಜನರೆದುರು ನಾಲಗೆ ಏಳಲಿಲ್ಲ. ಕೈ ಕುಲುಕಿ ಸಹಿ ಹಾಕಿದ. ಅರ್ಧ ಅಂಕ ಕಡಿಮೆ ಬಿದ್ದು ಐದನೆಯವನಾದ. ನಾಲ್ಕನೆಯವನು ಜಗನ್ಮೋಹನ್.

"ಆ ಪದ ನಿನಗೆ ಗೊತ್ತಿರಲಿಲ್ಲವೇನೋ?" ಎಂದು ಮರುದಿನ ಕೇಳಿದೆ.

"ಗೊತ್ತಿತ್ತಲೇ. ಮಂದೀ ಮನ್ಯಾಗ ಉಣ್ಣೂವಾಗ ಅದನ್ನ ಅಂತೀನಿ. ಗೆಲ್ಲೂ ಹೊತ್ತಿಗೆ ಗದಗ ಬಾಯಿಗೆ ಬಂತು."

ನನಗೆ ನಗು ಬಂತು. ಅವನ ಮುಖ ನೋಡಿ ನಾಚಿಕೆಯೂ ಆಯಿತು. ಆಮೇಲೆ ಅವನು ಯಾವ ಟೂರ್ನಮೆಂಟಿಗೂ ಹೋಗಲಿಲ್ಲ.

ತೊಂಬತ್ತೈದರಲ್ಲಿ ನಾವಿಬ್ಬರೂ ವರ್ಗವಾಗಿ ವಿಶಾಖಪಟ್ಟಣದ ಗಾಜುವಾಕ ಶಾಖೆಯಲ್ಲಿದ್ದೆವು. ಒಂದು ದಿನ ಪಾಸ್‌ಬುಕ್ ಹಿಡಿದು ಬಂದ ಜಗನ್ಮೋಹನ್ ರಮಾಕಾಂತನ ಗುರುತು ಹಿಡಿದ. ರಾಜ್ಯಮಟ್ಟದಲ್ಲಿ ಆಡಿದ್ದಕ್ಕೆ ಆಟಗಾರರ ಕೋಟಾದಲ್ಲಿ ಕೆಲಸ ಸಿಕ್ಕಿತ್ತಂತೆ. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಶುರುಮಾಡಿದ: "ನಾನು ಸೋತೇಹೋಗಿದ್ದೆ. ಗೆಲ್ಲುವ ಆಟವನ್ನು ಈ ಸಾರ್ ನನಗಾಗಿ ಬಿಟ್ಟುಕೊಟ್ಟರು. ನಮ್ಮಮ್ಮ ಇವತ್ತಿಗೂ ಇವರ ಹೆಸರು ಹೇಳಿ ಕೈ ಮುಗಿಯುತ್ತಾಳೆ."

ನಾನು ಬಾಯಿ ತೆರೆಯುವುದರಲ್ಲಿದ್ದೆ. ರಮಾಕಾಂತ ಮೇಜಿನಡಿ ನನ್ನ ಕಾಲು ತುಳಿದ. ಪಾಸ್‌ಬುಕ್ಕಿಗೆ ಮುದ್ರೆ ಒತ್ತಿ, ತಲೆ ಎತ್ತದೆ ಹೇಳಿದ:

"ಚಾಲು ಬಾಬೂ, ಚಾಲು."