ನಮ್ಮ ಭಾವ ಮತ್ತೆ ಹುಟ್ಟಿದ್ದು

ಹೋದ ವರ್ಷ ನನ್ನ ಭಾವನ ನಾಮಕರಣಕ್ಕೆ ಹೋಗಿದ್ದೆ. ಭಾವನಿಗೆ ಆಗ ನಲವತ್ತು ದಾಟಿತ್ತು.

ನಗಬೇಡಿ. ಸತ್ತವನು ತಿರುಗಿ ಬಂದರೆ ಹಾಗೆಯೇ ಮಾಡಬೇಕಂತೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ರಂಗೂನಿನ ಮರದ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದರು. ಅಕ್ಕ ಇಲ್ಲಿ ಜಾವಳಿ ಎಂಬ ಊರಿನಲ್ಲಿ ಅತ್ತೆಯ ಜೊತೆ ಇದ್ದಳು. ಜಪಾನಿನವರ ಬಾಂಬು ಬಿದ್ದ ಮೇಲೆ ನಮ್ಮ ಕಡೆಯ ಜನ ರಂಗೂನು ಬಿಟ್ಟು ಕಾಡುದಾರಿ ಹಿಡಿದು ನಡೆದೇ ಬಂದರು. ಭಾವ ಬರಲಿಲ್ಲ. ಅವರ ಜೊತೆ ಹೊರಟಿದ್ದವನೊಬ್ಬ ಬಂದ. "ದಾರೀಲಿ ಕಾಲರಾ ಆಗಿ ಹೋದ್ರು, ಕಣ್ಣಾರೆ ಕಂಡೆ" ಎಂದ.

ದರ್ಭೆಯಲ್ಲಿ ಭಾವನ ಆಕೃತಿ ಮಾಡಿ ಸುಟ್ಟದ್ದಾಯಿತು. ಅಕ್ಕನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದಾಯಿತು. ಕೂದಲು ಚಿಗುರಿದಾಗೆಲ್ಲ ಮತ್ತೆ ಬೋಳಿಸುತ್ತಿದ್ದರು.

ಅದೆಲ್ಲ ಮುಗಿದು ಎಷ್ಟೋ ಕಾಲದ ಮೇಲೆ, ಒಂದು ಮಧ್ಯಾಹ್ನ, ಭಾವ ಗೋಣಿಬೀಡಿನಲ್ಲಿ ಬಸ್ಸಿಳಿದರು. (ನಾನು ಅಲ್ಲೇ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅಂಗಡಿ ಮುಂದೆ ನಿಂತಿದ್ದೆ. ಕೈಯಲ್ಲಿದ್ದ ಬೆಲ್ಲದ ಪೊಟ್ಟಣ ಕೆಳಗೆ ಬಿತ್ತು.) ಕಾಲರಾದಿಂದ ಎದ್ದು, ಅಸ್ಸಾಮಿನ ಟೀ ತೋಟವೊಂದರಲ್ಲಿ ಅಡುಗೆ ಮಾಡಿಕೊಂಡಿದ್ದು, ಮೈಯಲ್ಲಿ ಶಕ್ತಿ ಬಂದ ಮೇಲೆ ಹೊರಟರಂತೆ.

"ಒಂದು ಕಾಗದ ಬರೀಬಾರ್ದಿತ್ತಾ ಭಾವ?"

"ಬರ್ದಿದ್ದೆ ಮಾರಾಯ. ಕಾಗದ ಬರ್ಲಿಲ್ಲ, ನಾನು ಬಂದೆ."

ಜಾವಳಿಗೆ ಕರೆದುಕೊಂಡು ಹೋದೆ. ಅತ್ತೆ ಮಗನನ್ನು ತಬ್ಬಿಕೊಂಡು ಅತ್ತರು. ಅಕ್ಕ ಬಾಗಿಲ ಹಿಂದಿನಿಂದ ಈಚೆ ಬರಲಿಲ್ಲ. "ಊಟ ಆಗಿದ್ಯಾ ಕೇಳು" ಎಂದಳು ನನಗೆ.

ಕರ್ಮ ಮುಗಿದವರನ್ನು ಒಳಗೆ ಕರೆದುಕೊಳ್ಳುವುದು ಹೇಗೆ? ಮನೆಯ ಪುರೋಹಿತ ಭಟ್ಟರ ಹತ್ತಿರ ಉತ್ತರವಿತ್ತು. ಮತ್ತೆ ಹುಟ್ಟಬೇಕು. ಭಾವನನ್ನು ತುಪ್ಪದಲ್ಲಿ ಮೀಯಿಸಿ (ಯುದ್ಧಕಾಲದಲ್ಲಿ ಅಷ್ಟು ತುಪ್ಪ ಎಲ್ಲಿದೆ? ಕಿವಿಗೆ, ಮೂಗಿಗೆ ಸವರಿದರು), ಹೊಟ್ಟೆಯೊಳಗಿನ ಮಗುವಿನ ಹಾಗೆ ಮುಷ್ಟಿ ಬಿಗಿಸಿ ಕೂರಿಸಿದರು. ಆಮೇಲೆ ಹೆಸರಿಟ್ಟರು. ಊಟದ ಹೊತ್ತಿಗೆ ಉಪನಯನವೂ ಮುಗಿಯಿತು.

"ಇನ್ನು ಮದುವೆ. ಅದೇ ಹೆಂಡತಿ ಜೊತೆ. ನಾಳೆ ಮುಹೂರ್ತ ಚೆನ್ನಾಗಿದೆ" ಎಂದರು ಭಟ್ಟರು.

"ನಾಳೆ ಆಗೋದಿಲ್ಲ" ಎಂದಳು ಅಕ್ಕ.

ಎಲ್ಲರೂ ತಿರುಗಿ ನೋಡಿದೆವು.

"ಅವರು ಬೆಳಿಗ್ಗೆ ಹುಟ್ಟಿ ಮಧ್ಯಾಹ್ನಕ್ಕೆ ದೊಡ್ಡವರಾದ್ರು. ನನ್ನ ಕೂದ್ಲು ಹಾಗೆ ಬೆಳೆಯೋದಿಲ್ಲ."

"ತಲೆ ಮೇಲೆ ಸೆರಗು ಹೊದ್ಕೊಂಡ್ರೆ ಆಯ್ತಲ್ಲಮ್ಮ."

"ಇಷ್ಟು ದಿನ ಹೊದ್ದೇ ಇದ್ದೆ ಭಟ್ರೇ." ಸೆರಗು ತೆಗೆದಳು.

ಭಾವ ನೋಡಿದರು. ಎದ್ದು ಹೊರಗೆ ಹೋಗಿ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕೂತರು. ನಾನೂ ಹೋಗಿ ಕೂತೆ.

"ದಾರೀಲಿ ಹೆಣಗಳನ್ನ ದಾಟ್ಕೊಂಡು ಬಂದವ ನಾನು. ಆಗೆಲ್ಲ ನೆನಪಾಗ್ತಾ ಇದ್ದದ್ದು ಅವಳ ಜಡೆ ಮಾರಾಯ" ಎಂದರು. ಆಮೇಲೆ ಒಳಗೆ ಹೋಗಿ ಭಟ್ಟರಿಗೆ ಹೇಳಿದರು: "ಅವಳು ಯಾವಾಗ ಹೇಳ್ತಾಳೋ ಆವಾಗ."

ಮದುವೆಯಾಗದವರು ಒಂದೇ ಮನೆಯಲ್ಲಿರುವುದು ಹೇಗೆ? ಭಾವ ಕಾಫಿ ಗೋಡೌನಿನಲ್ಲಿ ಚಾಪೆ ಹಾಸಿಕೊಂಡರು. ಮಳೆಗಾಲ ಅಲ್ಲೇ ಕಳೆಯಿತು. ಊರಿನವರು ನಕ್ಕರು. ಅತ್ತೆ ಮೊದಮೊದಲು ಗೊಣಗಿದರು. ಆಮೇಲೆ ಅವರೇ ಭೃಂಗರಾಜದ ಸೊಪ್ಪು ಹಾಕಿ ಎಣ್ಣೆ ಕಾಯಿಸಿ ಸೊಸೆಯ ತಲೆಗೆ ತಿಕ್ಕತೊಡಗಿದರು. ಅಕ್ಕ ದಿನಾ ಊಟಕ್ಕೆ ಕರೆಯಲು ಗೋಡೌನಿನ ತನಕ ಹೋಗುತ್ತಿದ್ದಳು. ಕೂಗಿದರೆ ಕೇಳಿಸುವಷ್ಟೇ ದೂರ. ಆದರೂ ಹೋಗುತ್ತಿದ್ದಳು. ಬರುವುದು ಸ್ವಲ್ಪ ತಡವಾಗುತ್ತಿತ್ತು.

ಮೊನ್ನೆ ಶುಕ್ರವಾರ ಮದುವೆಯಾಯಿತು. ಕೂದಲು ಕತ್ತು ಮುಟ್ಟಿತ್ತು. ಮುಡಿಸಿದ ಹೂವು ನಿಲ್ಲದೆ ಜಾರುತ್ತಿತ್ತು. ಅತ್ತೆ ದಾರ ಸುತ್ತಿ ಬಿಗಿದರು. ತಾಳಿ ಕಟ್ಟುವಾಗ ದಾರ ಹೂವಿಗೆ ಸಿಕ್ಕಿಕೊಂಡಿತು. ಅಕ್ಕನೇ ತಲೆ ಬಗ್ಗಿಸಿ ಅನುಕೂಲ ಮಾಡಿಕೊಟ್ಟಳು.

ಧಾರೆ ಮುಗಿದ ಮೇಲೆ ಭಟ್ಟರನ್ನು ಕೇಳಿದೆ: "ಸತ್ತ ಗಂಡಸು ತಿರುಗಿ ಬಂದ್ರೆ ಇಷ್ಟೆಲ್ಲ ಶಾಸ್ತ್ರ ಇದೆ. ಗಂಡ ಬದುಕಿರುವಾಗಲೇ ತಲೆ ಬೋಳಿಸಿದ್ದಕ್ಕೆ ಏನಿದೆ?"

"ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ" ಎಂದರು.