ಬಿಗಿಯದ ಕುಣಿಕೆ

ಬೆಳಗಿನ ಐದೂವರೆ. ದೊಡ್ಡೇರಿ ಹೋಬಳಿಯ ಹಳ್ಳಿಯೊಂದರ ಶಾಲಾ ಮೈದಾನದಲ್ಲಿ ರಾತ್ರಿಯಿಡೀ ನಡೆದ ನಾಟಕ ಕೊನೆಯ ದೃಶ್ಯಕ್ಕೆ ಬಂದಿದೆ. ಕಂಬಳಿ ಹೊದ್ದು ಕುಳಿತ ಜನರಲ್ಲಿ ಒಬ್ಬರೂ ಕದಲುತ್ತಿಲ್ಲ. ರಂಗದ ನಡುವೆ ಎರಡು ಕಂಬ, ಮೇಲೊಂದು ತೊಲೆ, ತೊಲೆಯಿಂದ ಇಳಿಬಿದ್ದ ಕತ್ತಾಳೆ ಹಗ್ಗ. ಹದಿನಾರರ ಹುಡುಗನ ವೇಷದಲ್ಲಿರುವ ಜ್ಯೋತಿಲಕ್ಷ್ಮಿಯ ಕೊರಳಿಗೆ ಕಪ್ಪು ರುಮಾಲಿನ ಮುದುಕರೊಬ್ಬರು ಕುಣಿಕೆ ತೊಡಿಸುತ್ತಾರೆ. ಅವರ ತುಟಿ ಅಲ್ಲಾಡುತ್ತದೆ. ಮಾತು ಯಾರಿಗೂ ಕೇಳಿಸುವುದಿಲ್ಲ.

"ಏಯ್ ಮುದುಕಾ, ನಿನ್ ಕೈ ಸೇದೋಗ!" ಎಂದು ಹೆಂಗಸರ ಸಾಲಿನಿಂದ ಕೂಗು ಬರುತ್ತದೆ. "ನಿಂಗೆ ಮಕ್ಳಿಲ್ವೇನ್ಲಾ?" ಎಂದು ಇನ್ನೊಂದು. ಹಿಂದಿನ ಸಾಲಿನಿಂದ ಹಾರಿದ ಚಪ್ಪಲಿ ಮುದುಕರ ಭುಜಕ್ಕೆ ಬಡಿದು ಕೆಳಗೆ ಬೀಳುತ್ತದೆ. ಅವರು ಅತ್ತ ನೋಡುವುದಿಲ್ಲ. ಕಾಲಡಿಯ ಹಲಗೆ ಜಾರುತ್ತದೆ, ಪರದೆ ಇಳಿಯುತ್ತದೆ.

ಪರದೆಯ ಹಿಂದೆ ಅವರು ಮೊದಲು ಮಾಡುವ ಕೆಲಸ, ಕುಣಿಕೆಗೂ ಕೊರಳಿಗೂ ನಡುವೆ ಎರಡು ಬೆರಳು ತೂರಿಸಿ ನೋಡುವುದು.

"ಉಸಿರು ಸರಿಯಾಗೈತೇನವ್ವಾ?"

"ಐತೆ ತಾತ. ಚಪ್ಲಿ ಎಲ್ಲಿಗ್ ಬಿತ್ತು?"

"ಭುಜಕ್ಕೆ."

"ವಾಸಿ ಬುಡು. ಹೋದ್ ಸಲ ಮೂಗಿಗೇ ಬಿದ್ದಿತ್ತು."

ಇವರು ಓಬಳಯ್ಯ. ವಯಸ್ಸು ಅರವತ್ತೆರಡು, ಊರು ಮಧುಗಿರಿ ತಾಲ್ಲೂಕು, ವೃತ್ತಿ ಹಗ್ಗ ಹೊಸೆಯುವುದು. ನಾಟಕದ ಕರಪತ್ರದಲ್ಲಿ ಅವರ ಹೆಸರಿಲ್ಲ. ಪಾತ್ರವರ್ಗದ ಕಟ್ಟಕಡೆಯಲ್ಲಿ 'ನೇಣು ಹಾಕುವವನು' ಎಂದು ಅಚ್ಚಾಗಿದೆ. ಅದರ ಮುಂದೆ ಚುಕ್ಕಿಗಳಿವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮೂರು ವರ್ಷದಲ್ಲಿ ನಲವತ್ತೊಂದು ಸಲ ಆಡಿದ ನಾಟಕವಿದು.

ಬರೆದು ಆಡಿಸುವವರು ನಿವೃತ್ತ ಶಿಕ್ಷಕ ವೀರಭದ್ರಯ್ಯ. ಕ್ಷಾಮದ ವರ್ಷ ಕೋಟೆಯ ಕಣಜದ ಬೀಗ ಮುರಿದು ಕೇರಿಗೆಲ್ಲ ರಾಗಿ ಹಂಚಿದ ಹುಡುಗನೊಬ್ಬನಿಗೆ ಪಾಳೇಗಾರ ಮರಣದಂಡನೆ ವಿಧಿಸುತ್ತಾನೆ. ಕೋಳಿ ಕೂಗುವ ಹೊತ್ತಿಗೆ ನೇಣು. ಊರಿನ ನಿಜವಾದ ಕೋಳಿಗಳು ಕೂಗುವ ಹೊತ್ತಿಗೇ ಆ ದೃಶ್ಯ ಬರುವಂತೆ ಹಾಡುಗಳನ್ನು ಹಿಗ್ಗಿಸುವುದು, ಕುಗ್ಗಿಸುವುದು ವೀರಭದ್ರಯ್ಯನವರ ಲೆಕ್ಕಾಚಾರ.

ನೋಡುವವರ ಸಂಕಟ ಊರಿಂದ ಊರಿಗೆ ಬೇರೆಯಾಗುತ್ತದೆ. ಕೊರಟಗೆರೆಯ ಕಡೆ ಸೆರಗು ಬಾಯಿಗಿಟ್ಟುಕೊಂಡು ಸದ್ದಿಲ್ಲದೆ ಅಳುತ್ತಾರೆ. ಪಾವಗಡದ ಕಡೆ "ವದ್ದಯ್ಯಾ, ಚಿನ್ನ ಪಿಲ್ಲೋಡು!" ಎಂದು ಕೈಮುಗಿಯುತ್ತಾರೆ, ಬೇಡಯ್ಯಾ, ಚಿಕ್ಕ ಹುಡುಗ ಎಂಬ ಆ ತೆಲುಗು ಮೊರೆಗೆ ಪಾಳೇಗಾರನ ಪಾತ್ರಧಾರಿಯೇ ಒಮ್ಮೆ ಮಾತು ಮರೆತು ನಿಂತದ್ದುಂಟು. ಶಿರಾದ ಬಳಿ ನಾಲ್ವರು ಹಿರಿಯರು ರಂಗ ಹತ್ತಿ ಆ ಹಲಗೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕುಳಿತು, "ಹುಡುಗನ್ ಬುಟ್ಟೋಗಿ, ಆಮ್ಯಾಕೆ ನಾವ್ ಏಳ್ತೀವಿ" ಎಂದರಂತೆ. ಹೀಗೆ ಒಂಬತ್ತು ಕಡೆ ಕೊನೆಯ ದೃಶ್ಯ ನಡೆದೇ ಇಲ್ಲ.

"ಒಂಬತ್ತು ಊರಾಗೆ ಹುಡುಗ ಬದುಕವ್ನೆ ನೋಡಿ," ಎನ್ನುತ್ತಾರೆ ಓಬಳಯ್ಯ, ಚೀಲಕ್ಕೆ ಹಗ್ಗ ತುಂಬುತ್ತ. "ಅವತ್ತೆಲ್ಲ ನಂಗೂ ಮೊದಲ್ನೇ ಬಸ್ಸು ಸಿಕ್ತು." ಅದೇ ಚೀಲದಲ್ಲಿ ಈ ವರ್ಷ ಬಿದ್ದ ಹದಿನೇಳು ಚಪ್ಪಲಿಗಳಿವೆ. ಜೋಡಿ ಒಂದೂ ಇಲ್ಲ.

ರಾತ್ರಿಯ ನಿದ್ದೆಯನ್ನು ಬಸ್ಸಿನಲ್ಲಿ ಮುಗಿಸಿ ಅವರು ನೇರವಾಗಿ ಸಂತೆಗೆ ಹೋಗುತ್ತಾರೆ. ಕತ್ತಾಳೆ ಪಟ್ಟೆಗಳನ್ನು ಕುಂಟೆಯ ನೀರಲ್ಲಿ ವಾರಗಟ್ಟಲೆ ಕೊಳೆಹಾಕಿ, ಬಡಿದು, ತೊಳೆದು, ಒಣಗಿಸಿ, ಆ ನಾರಿನಿಂದ ಹೊಸೆದ ಹಗ್ಗ ಅವರದು. ದನಕರುಗಳ ಕೊರಳಿಗೆ ಕಟ್ಟುವ ಕಣ್ಣಿ ಹಗ್ಗಕ್ಕೆ ಅವರ ಕೈ ಹೆಸರಾಗಿತ್ತು. ಸಂತೆಗೆ ಮೂವತ್ತು ಕಣ್ಣಿ ಕರಗುತ್ತಿದ್ದವು. ಈಗ ಮೂರು ಹೋದರೆ ಹೆಚ್ಚು, ಅದೂ ಗುರುತಿಲ್ಲದವರಿಗೆ. ನಾಟಕ ನೋಡಿದ ಊರುಗಳಲ್ಲಿ, ನೇಣು ಹಾಕಿದ ಕೈಯ ಹಗ್ಗ ಕೊಟ್ಟಿಗೆಗೆ ಬರಬಾರದೆಂಬ ಮಾತು ಹುಟ್ಟಿಕೊಂಡಿದೆ. ಪಾತ್ರವೆಂದು ತಿಳಿದವರೂ ಕರುವಿನ ವಿಷಯದಲ್ಲಿ ಧೈರ್ಯ ಮಾಡುವುದಿಲ್ಲ. ಶಿರಾ ಬಸ್ ನಿಲ್ದಾಣದ ಹತ್ತಿರ ಚಹಾ ಮಾರುವವರೊಬ್ಬರು ಮಾತ್ರ "ಆವೋ ಜಲ್ಲಾದ್ ಸಾಬ್, ಚಾಯ್ ಪಿಯೋ" ಎಂದು ನಗುತ್ತ ಲೋಟ ನೀಡುತ್ತಾರೆ. ನೇಣುಗಾರ ಸಾಹೇಬರೂ ನಗುತ್ತಾರೆ. ಆದರೆ ಮಗ್ಗುಲಲ್ಲಿ ಕುಳಿತಿದ್ದ ಹುಲಿಕುಂಟೆಯ ರೈತರೊಬ್ಬರು ಎದ್ದು ಆಚೆ ಬೆಂಚಿಗೆ ಹೋಗುತ್ತಾರೆ.

ಹಾಗಾದರೆ ಈ ಪಾತ್ರವೇಕೆ? ಓಬಳಯ್ಯ ಬೀಡಿಯನ್ನು ಹಚ್ಚದೆ ಕೈಯಲ್ಲೇ ಹಿಡಿದು ಹೇಳತೊಡಗುತ್ತಾರೆ.

ಮೊದಲ ವರ್ಷ ಅವರು ಪರದೆಯ ಹಿಂದಿದ್ದರು. ಸೀನರಿ ಎಳೆಯುವುದಷ್ಟೇ ಕೆಲಸ. ನೇಣು ಹಾಕುತ್ತಿದ್ದವರು ಪಾಲಾಕ್ಷ ಎಂಬ ಇನ್ನೊಬ್ಬ ನಟ. ಜ್ಯೋತಿಲಕ್ಷ್ಮಿಯ ಭಾರವನ್ನೆಲ್ಲ ಅಂಗಿಯೊಳಗಿನ ಬೆಲ್ಟು, ಬೆನ್ನ ಹಿಂದಿನ ಇನ್ನೊಂದು ಹಗ್ಗ ಹೊರುತ್ತವೆ. ಕೊರಳಿನದು ತೋರಿಕೆಗೆ. ಆದರೂ ಚೆನ್ನಾಗಿ ಕಾಣಲೆಂದು ಪಾಲಾಕ್ಷ ಅದಕ್ಕೆ ಜಾರುಗಂಟು ಹಾಕುತ್ತಿದ್ದರು. ಒಂದು ಊರಿನಲ್ಲಿ, ಹಲಗೆ ಜಾರಿದೊಡನೆ ಅಜ್ಜಿಯೊಬ್ಬರು ರಂಗಕ್ಕೆ ನುಗ್ಗಿ, ಹುಡುಗನನ್ನು ಇಳಿಸಿಕೊಳ್ಳಲು ಎರಡೂ ಕಾಲು ತಬ್ಬಿ ಕೆಳಕ್ಕೆ ಎಳೆದರು. ಗಂಟು ಜಾರಿತು. ಓಬಳಯ್ಯ ಓಡಿಬಂದು ಹುಡುಗಿಯನ್ನು ಮೇಲಕ್ಕೆತ್ತಿ ಹಿಡಿದರು. ಜ್ಯೋತಿಲಕ್ಷ್ಮಿಗೆ ಎಂಟು ದಿನ ದನಿ ಬರಲಿಲ್ಲ.

"ಆಯಮ್ಮ ಎಳ್ದಿದ್ದು ಕರುಣೆಯಿಂದ. ಯಮನೂ ಅಷ್ಟು ಜೋರಾಗಿ ಎಳ್ಯಾಕಿಲ್ಲ," ಎನ್ನುತ್ತಾರೆ. "ಊರಿನ್ ಹೆಸರು ಬರೀಬೇಡಿ. ಆಯಮ್ಮಂಗೆ ಇವತ್ಗೂ ಗೊತ್ತಿಲ್ಲ. ಗೊತ್ತಾಗಾದೂ ಬ್ಯಾಡ."

ಪಾಲಾಕ್ಷ ಮರುದಿನವೇ ಪಾತ್ರ ಬಿಟ್ಟರು. ಓಬಳಯ್ಯ ಕಪ್ಪು ರುಮಾಲು ಸುತ್ತಿಕೊಂಡರು. "ಪರದೆ ಹಿಂದಿಂದ ಓಡ್ಬರೋದ್ರಾಗೆ ಜೀವ ಹೋಗ್ಬುಡ್ತದೆ. ಮಗು ಕೈಗೆಟಕೋ ಹಂಗಿರ್ಬೇಕು." ರಂಗದ ಮೇಲೆ ಅವರ ತುಟಿ ಅಲ್ಲಾಡುವುದು ಬೆಲ್ಟು ನೋಯುತ್ತದೆಯೇ ಎಂದು ಕೇಳುವುದಕ್ಕೆ.

ಅಂದಿನಿಂದ ಅವರು ಆ ಕುಣಿಕೆಗೆ ಹಾಕುವುದು ಕರುವಿನ ಕಣ್ಣಿಯ ಗಂಟು. "ಎಳೆಗರು ನೆಟ್ಟಗಿರಾಕಿಲ್ಲ, ಗುಂಜಾಡ್ತದೆ. ಗಂಟು ಜಾರಿದ್ರೆ ಉಸಿರು ಕಟ್ತದೆ. ಅದ್ಕೇ ಕರೂಗೆ ಎಷ್ಟ್ ಎಳೆದ್ರೂ ಬಿಗಿಯಾಗ್ದಿರೋ ಗಂಟು. ನಮ್ಮಪ್ಪ ಕಲಿಸಿದ್ದು."

ಈ ಒಂದು ಮಾತನ್ನು ಸಂತೆಯಲ್ಲಿ ಹೇಳಿದ್ದರೆ ವ್ಯಾಪಾರ ಉಳಿಯುತ್ತಿತ್ತು. ವೀರಭದ್ರಯ್ಯ ಬೇಡವೆಂದಿದ್ದರು: "ಗುಟ್ಟು ಒಡೆದ್ರೆ ಅಳೋರ್ ಯಾರಪ್ಪಾ? ಎಲ್ಲರೂ ಗಂಟೇ ನೋಡ್ಕೊಂಡು ಕೂತಿರ್ತಾರೆ." ಓಬಳಯ್ಯ ಒಪ್ಪಿದರು, ಎರಡು ವರ್ಷ ಬಾಯಿ ಬಿಡಲಿಲ್ಲ. ದೊಡ್ಡೇರಿ ಕಡೆಯದೇ ಕೊನೆಯ ಆಟ. ಇಪ್ಪತ್ತು ತುಂಬಿದ ಜ್ಯೋತಿಲಕ್ಷ್ಮಿ ನರ್ಸಿಂಗ್ ಓದಲು ತುಮಕೂರಿಗೆ ಹೋಗುತ್ತಾರೆ, ನಾಟಕ ನಿಲ್ಲುತ್ತದೆ. "ಇನ್ ಬರೀರಿ," ಎಂದು ಓಬಳಯ್ಯ ಈಗ ಬೀಡಿ ಹಚ್ಚುತ್ತಾರೆ. "ಓದ್ದೋರು ಯಾರಾನ ಒಂದ್ ಕರೂನ್ ಕಣ್ಣಿ ಕೇಳಿದ್ರೆ ಸಾಕು."

ಶಿರಾ ಸಂತೆಯಲ್ಲಿ ಬಿಸಿಲೇರಿದೆ. ಹಾಸಿದ ಗೋಣಿಚೀಲದ ಮೇಲೆ ಕಣ್ಣಿಗಳು ಹಾಗೆಯೇ ಇವೆ. ಹುಲಿಕುಂಟೆಯ ಶಿವರುದ್ರಮ್ಮ ಎರಡು ಸಲ ದಾಟಿಹೋಗಿ ಮೂರನೆಯ ಸಲ ನಿಲ್ಲುತ್ತಾರೆ. ಮುಖ ಗುರುತು ಹತ್ತಿದೆ.

"ಲೇ, ನೀನು ಆ ಹುಡುಗನ್ನ ಕೊಂದೋನಲ್ವೇನೋ?"

"ಊಂ ಕಣವ್ವಾ."

"ಥೂ, ನಿನ್ ಮೊಖ ನೋಡ್ಬಾರ್ದು. ಹಸ ಈದೈತೆ. ಪ್ಲಾಸ್ಟಿಕ್ ಹಗ್ಗ ಕಟ್ಟಿದ್ರೆ ಕರೂನ್ ಕತ್ತೆಲ್ಲ ಕೊಯ್ದೈತೆ. ಇಲ್ದಿದ್ರೆ ನಿನ್ ತಾವ ಯಾರ್ ಬರ್ತಿದ್ರು?"

ಒಂದು ಕಣ್ಣಿ ಎತ್ತಿ, ಅದರೊಳಗೆ ಮುಂಗೈ ತೂರಿಸಿ ಜಗ್ಗುತ್ತಾರೆ. ಮತ್ತೆ ಜಗ್ಗುತ್ತಾರೆ. ಕುಣಿಕೆ ಇದ್ದಷ್ಟೇ ಅಗಲ ಇರುತ್ತದೆ. ಅವರು ಅದನ್ನು, ಬಳಿಕ ಓಬಳಯ್ಯನವರ ಕೈಯನ್ನು ನೋಡುತ್ತಾರೆ.

"ಆ ಮಗೀಗೂ ಇದ್ನೇ ಹಾಕಿದ್ಯೇನೋ?"

ಓಬಳಯ್ಯ ತಲೆಯಾಡಿಸುತ್ತಾರೆ. ಶಿವರುದ್ರಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. "ಬಡ್ಡೈದ್ನೆ, ನಾನು ಬೆಳ್ಗಾನ ಅತ್ತಿದ್ನಲ್ಲೋ," ಎನ್ನುತ್ತ ಸೆರಗಿನಲ್ಲಿ ಮತ್ತೆ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಕಣ್ಣಿಯನ್ನು ಮಡಿಲಿಗೆ ಹಾಕಿಕೊಂಡು, ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ಗದರಿ ಕೇಳುತ್ತಾರೆ.

"ಬಾಳಿಕೆ ಗೊತ್ತಿಲ್ಲ ಕಣವ್ವಾ," ಎನ್ನುತ್ತಾರೆ ಓಬಳಯ್ಯ, ನಿದ್ದೆಗೆಟ್ಟ ಕಣ್ಣು ಉಜ್ಜಿಕೊಳ್ಳುತ್ತ. "ನನ್ ಕಣ್ಣೀಲಿ ಇವತ್ತಿನ ತಂಕ ಒಂದ್ ಕರೂನೂ ಸತ್ತಿಲ್ಲ."