ಹಾಲಕ್ಕನ ಬಳಿ ಹಾಲು ಸಿಗುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಕ್ಕ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು, ಕಾಲು ಮೇಲೆ ಮಾಡಿ ಮಲಗಿರುವ ಸೋಫಾದ ಹೊಟ್ಟೆಗೆ ಬಟ್ಟೆ ಬಿಗಿಯುತ್ತಿದ್ದಾರೆ. ಬಾಗಿಲಲ್ಲಿ ಪಾತ್ರೆ ಹಿಡಿದವರೊಬ್ಬರು ಬಂದು ನಿಲ್ಲುತ್ತಾರೆ.

"ಅರ್ಧ ಲೀಟರ್ ಕೊಡಿ."

ಹಾಲಕ್ಕ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು, "ಹಾಲಿಲ್ಲ ಅಣ್ಣ" ಅನ್ನುತ್ತಾರೆ.

"ಇಷ್ಟು ಬೇಗ ಖಾಲಿ ಆಯ್ತಾ?"

"ಯಾವತ್ತೂ ಇರ್ಲೇ ಇಲ್ಲ."

ತಪ್ಪು ಬಂದವರದಲ್ಲ, ಬಾಗಿಲ ಮೇಲಿನ ಬೋರ್ಡಿನದು. 'ನಿಮ್ಮ ಮನೆಯ ಹಾಲ್ ನಮ್ಮ ಜವಾಬ್ದಾರಿ' ಎಂದು ಬರೆಯಲು ಇವರು ಹೇಳಿದ್ದರಂತೆ. ಬೋರ್ಡ್ ಬರೆಯುವವನಿಗೆ ಭಾಷೆಯ ಮೇಲೆ ಅಭಿಮಾನ ಸ್ವಲ್ಪ ಜಾಸ್ತಿ. ಪದ ಅರ್ಧಕ್ಕೆ ನಿಲ್ಲಬಾರದು ಎಂದು 'ಲ್'ಗೆ ಒಂದು ಕೊಂಬು ಕೊಟ್ಟು 'ಹಾಲು' ಮಾಡಿದ. ಕೊಂಬು ಬಂದ ಮೇಲೆ ಹಾಲು ಕೇಳುವವರೂ ಬರಬೇಕಲ್ಲ, ಬಂದರು. ಅಂದಿನಿಂದ ಇವರು ಹಾಲಕ್ಕ. ಹೆತ್ತವರು ಇಟ್ಟ ಹೆಸರು ಈಗ ಗಂಡನಿಗೆ ಮಾತ್ರ ನೆನಪಿದೆ, ಅದೂ ಜಗಳ ಆಡುವಾಗ.

ಬೋರ್ಡನ್ನು ಯಾಕೆ ತಿದ್ದಿಸಲಿಲ್ಲ ಎಂದರೆ ಹಾಲಕ್ಕ ನಗುತ್ತಾರೆ. "ಹಾಲಿಗೆ ಅಂತ ಬಂದೋರು ಒಳಗೆ ಇಣುಕ್ತಾರೆ. ಆಮೇಲೆ ನಮ್ಮನೆ ಸೋಫಾನೂ ಕುಸಿದಿದೆ ಅಂತ ಶುರು ಮಾಡ್ತಾರೆ. ತಾನಾಗಿ ಬರೋ ಗಿರಾಕೀನ ಯಾರಾದ್ರೂ ಓಡಿಸ್ತಾರಾ?"

ಸೋಫಾ ರಿಪೇರಿಯಿಂದ ಶುರುವಾದ ಕೆಲಸ ಈಗ ಇಡೀ ಹಾಲನ್ನು ಒಪ್ಪ ಮಾಡಿಕೊಡುವವರೆಗೆ ಬೆಳೆದಿದೆ. ಅವರ ಪದ್ಧತಿ ಸರಳ. ಮೊದಲು ಅವರು ಯಾವುದನ್ನೂ ಮುಟ್ಟುವುದಿಲ್ಲ. ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಾ, ಮನೆಯವರು ಎಲ್ಲಿ ಕೂರುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ನೋಡುತ್ತಾರೆ. "ಸೋಫಾ ಎಲ್ಲಿಡ್ಲಿ ಅಂತ ಗೋಡೆ ಅಳೀತಾರೆ. ಗೋಡೆ ಕೂರುತ್ತಾ? ಕೂರೋ ಜನರನ್ನ ನೋಡ್ಬೇಕು. ಮನೆ ಯಜಮಾನ ಯಾರು ಅಂತ ಕೇಳೋದೂ ಬೇಡ, ಚಾರ್ಜರ್ ಪ್ಲಗ್ ಪಕ್ಕ ಯಾರು ಕೂರ್ತಾರೆ ನೋಡಿದ್ರೆ ಸಾಕು."

ಮಧ್ಯಾಹ್ನ ಒಬ್ಬ ಟೀಚರ್ ಮನೆಯಲ್ಲಿ ಕೆಲಸ. ಅವರು ಫೋನಿನಲ್ಲಿ ಬಿಳಿ ಸೋಫಾದ ಚಿತ್ರ ತೋರಿಸಿ, ಇಂಥದ್ದೇ ಬೇಕು ಅನ್ನುತ್ತಾರೆ.

"ಮಕ್ಕಳೆಷ್ಟು?"

"ಇಬ್ಬರು."

"ನಾಯಿ?"

"ಒಂದು."

"ನಿಮ್ಮ ಯಜಮಾನ್ರು ಚಹಾ ಎಲ್ಲಿ ಕುಡೀತಾರೆ?"

"ಸೋಫಾ ಮೇಲೇ ಮಲ್ಕೊಂಡು."

"ಹಾಗಾದ್ರೆ ಚಹಾ ಬಣ್ಣದ್ದೇ ಹಾಕೋಣ ಮೇಡಂ. ದಿಂಬು ಮಾತ್ರ ಬಿಳಿ, ಜಿಪ್ ಇರೋದು. ತೆಗೆದು ಒಗೀಬಹುದು."

ಟೀಚರ್ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ ಒಪ್ಪಿಕೊಳ್ಳುತ್ತಾರೆ. ಕಿಟಕಿಯ ಕೆಳಗೆ ಪೆಟ್ಟಿಗೆಯಂಥ ಬೆಂಚು ಬರಲಿದೆ. ಮೇಲೆ ಮಕ್ಕಳು ಕೂರಬಹುದು, ಒಳಗೆ ಅವರ ಆಟಿಕೆ ತುಂಬಬಹುದು. ಅಡುಗೆಮನೆಯ ದಾರಿಗೆ ಅಡ್ಡ ನಿಂತಿದ್ದ ಗಾಜಿನ ಟೀಪಾಯಿ ಮೂಲೆಗೆ ಹೋಗುತ್ತದೆ.

ಆದರೆ ದೀಪದ ಬುಡದಲ್ಲೇ ಕತ್ತಲೆ. ಮೊನ್ನೆಯವರೆಗೂ ಹಾಲಕ್ಕ ಕೆಲಸ ಮಾಡುತ್ತಿದ್ದುದು ಅವರ ಸ್ವಂತ ಮನೆಯ ಹಾಲ್‌ನಲ್ಲೇ. ಫೋಮ್, ಸ್ಪ್ರಿಂಗು, ಬಟ್ಟೆಯ ಥಾನುಗಳ ನಡುವೆ ಮನೆಯವರಿಗೆ ಕೂರಲು ಜಾಗವಿರಲಿಲ್ಲ. "ನಿಂತು ಊಟ ಮಾಡಿ ಮಾಡಿ, ಈಗ ನೆಂಟರ ಮನೇಲೂ ಕೂರೋಕೆ ಮರ್ತುಹೋಗುತ್ತೆ" ಎನ್ನುವುದು ಅವರ ಗಂಡನ ಅಳಲು.

ಹೋದ ವರ್ಷ ಅತ್ತೆಯ ಗೆಳತಿ ಬಂದಿದ್ದರು. ಬೇರೆ ಜಾಗ ಕಾಣದೆ ಫೋಮಿನ ಸುರುಳಿಯ ಮೇಲೆ ಕೂತವರು, ಸುರುಳಿ ಸಮೇತ ಉರುಳಿ ಹೊಸ್ತಿಲು ಮುಟ್ಟಿದರು. ಕೈಯಲ್ಲಿದ್ದ ಲೋಟ ಬಿಡಲಿಲ್ಲ ಎನ್ನುವುದೊಂದೇ ಸಮಾಧಾನ. ಅತ್ತೆ ಅಂದೇ ಬ್ಯಾಗು ತುಂಬಿದರು. "ಮನೆಗೆ ಮಾರಿ, ಊರಿಗೆ ಉಪಕಾರಿ! ಕೂರೋಕೆ ಜಾಗ ಆದ ದಿನ ಹೇಳಿಕಳ್ಸು" ಎಂದು ಕಿರಿಮಗನ ಮನೆಗೆ ಹೊರಟೇಬಿಟ್ಟರು.

"ಇದ್ದಾಗ ದಿನಾ ಬೈತಿದ್ರು" ಎನ್ನುತ್ತಾ ಹಾಲಕ್ಕ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. "ಈಗ ಮನೆ ಬಿಕೋ ಅನ್ನುತ್ತೆ. ಅವರು ವಾಪಸ್ ಬಂದು ನಮ್ಮ ಹಾಲ್‌ನಲ್ಲಿ ಕೂತ್ರೆ ಸಾಕು. ನಂಗೆ ಬೇರೇನೂ ಬೇಡ."

ಅದಕ್ಕೇ ಈಗ ಸಾಮಾನೆಲ್ಲ ಹಿತ್ತಲಿನ ತಗಡಿನ ಚಾವಣಿಯ ಕೆಳಗೆ ಹೋಗಿದೆ. ಬೆಳಗ್ಗೆ ಮೊಳೆ ಹೊಡೆಯುತ್ತಿದ್ದುದು ಅತ್ತೆಗೆಂದೇ ಮಾಡಿದ ಸೋಫಾಕ್ಕೆ. ಸಂಜೆ ಅದು ಒಳಗೋಡೆಗೆ ಒರಗಿ, ಹೊಸ ಬಟ್ಟೆ ತೊಟ್ಟು ಕಾಯುತ್ತಿದೆ.

ಹೇಳಿಕಳಿಸಿದ್ದಕ್ಕೆ ಅತ್ತೆ ಬರುತ್ತಾರೆ. ಸೋಫಾವನ್ನು ಒಂದು ಬೆರಳಿನಿಂದ ಒತ್ತಿ ನೋಡಿ "ಚೆನ್ನಾಗಿದೆ" ಅನ್ನುತ್ತಾರೆ. ಆಮೇಲೆ ಅದನ್ನು ಬಿಟ್ಟು ಹಿಂದಕ್ಕೆ ಬಂದು, ಬಾಗಿಲ ಪಕ್ಕದಲ್ಲಿದ್ದ ಹಳೆಯ ಸ್ಟೂಲಿನ ಮೇಲೆ ಕೂರುತ್ತಾರೆ. ಹಾಲಕ್ಕನ ಮುಖ ಸಪ್ಪಗಾಗುತ್ತದೆ.

"ಅಮ್ಮ, ಸೋಫಾ ಮೇಲೆ ಕೂತ್ಕೋ" ಅನ್ನುತ್ತಾರೆ ಹಾಲಕ್ಕನ ಗಂಡ.

"ಅಲ್ಲಿ ಕೂತ್ರೆ ಗೋಡೆ ಕಾಣುತ್ತೆ ಕಣೋ. ಇಲ್ಲಿ ಬೀದೀನೂ ಕಾಣುತ್ತೆ, ಇವಳು ಒಲೆ ಮೇಲೆ ಏನು ಸೀಯಿಸ್ತಿದ್ದಾಳೆ ಅನ್ನೋದೂ ಕಾಣುತ್ತೆ."

ಹಾಲಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಊರವರ ಮನೆಯಲ್ಲೆಲ್ಲ ಕೂತು ನೋಡಿದವರು ತಮ್ಮ ಅತ್ತೆ ಎಲ್ಲಿ ಕೂರುತ್ತಿದ್ದರು ಎಂದು ನೋಡಿರಲೇ ಇಲ್ಲ.

"ಅತ್ತೆ, ಸ್ವಲ್ಪ ಎದ್ದೇಳಿ."

"ನೋಡು, ಕಾಲಿಟ್ಟ ತಕ್ಷಣ ಎಬ್ಬಿಸ್ತಾಳೆ!"

ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿಯುತ್ತಾರೆ. ಸೋಫಾ ಬಾಗಿಲ ಪಕ್ಕಕ್ಕೆ ಬರುತ್ತದೆ. ಬಾಗಿಲು ಅರ್ಧ ಮುಚ್ಚಿಹೋಗಿ, ಇನ್ನು ಮೇಲೆ ಗಂಡ ಒಳಬರಲು ಅಡ್ಡಡ್ಡ ನುಸುಳಬೇಕು. "ಹೇಗೂ ಅವರ ಹೊಟ್ಟೆ ಸ್ವಲ್ಪ ಇಳೀಬೇಕಿತ್ತು" ಅನ್ನುತ್ತಾರೆ ಹಾಲಕ್ಕ. ಅತ್ತೆ ಕೂರುತ್ತಾರೆ, ಬೀದಿಯ ಕಡೆ ನೋಡುತ್ತಾರೆ, ಅಡುಗೆಮನೆಯ ಕಡೆ ನೋಡುತ್ತಾರೆ. ಬ್ಯಾಗನ್ನು ಒಳಗಿಡು ಎಂದು ಮಗನಿಗೆ ಸನ್ನೆ ಮಾಡುತ್ತಾರೆ.

ಮರುದಿನ ಬೆಳಗ್ಗೆ ಬಾಗಿಲಲ್ಲಿ ಮತ್ತೊಬ್ಬರು ಪಾತ್ರೆ ಹಿಡಿದು ನಿಂತಿದ್ದಾರೆ. ಹಿತ್ತಲಲ್ಲಿ ಟೀಚರ್ ಮನೆಯ ಬೆಂಚಿಗೆ ಬಟ್ಟೆ ಬಿಗಿಯುತ್ತಿರುವ ಹಾಲಕ್ಕ ಬಾಯಿಂದ ಮೊಳೆ ತೆಗೆಯಲು ಹೋಗುತ್ತಾರೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಅತ್ತೆಯ ದನಿ ಕೇಳಿಸುತ್ತದೆ.

"ಹಾಲಿಲ್ಲಪ್ಪ. ಜಾಗ ಇದೆ. ಬಾ, ಕೂತ್ಕೋ."